ಸೆರೆಮನೆಯ ಮುಂದಿನ ಗುಂಪು, ನ್ಯಾಯಾಲಯದ ಒಳಗಿನ ಗುಂಪು

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಮಾತು ಬಂದಾಗಲೆಲ್ಲ ಓದಿದವರು ತಪ್ಪದೆ ನೆನೆಯುವ ಘಟನೆಯೊಂದಿದೆ. ಬಿಳಿಯ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಕಪ್ಪು ಜನಾಂಗದ ಟಾಮ್ ರಾಬಿನ್‌ಸನ್‌ನನ್ನು ಸೆರೆಮನೆಯಿಂದ ಎಳೆದೊಯ್ದು ಕೊಲ್ಲಲು ಬಂದ ಗುಂಪನ್ನು ಎಂಟು ವರ್ಷದ ಹುಡುಗಿ ಸ್ಕೌಟ್ ತನ್ನ ಮುಗ್ಧ ಮಾತಿನಿಂದ ಹಿಮ್ಮೆಟ್ಟಿಸುವ ರಾತ್ರಿ ಅದು. ಮಗುವಿನ ಮಾತಿಗೆ ಕ್ರೌರ್ಯ ಕರಗಿತು ಎಂದು ಅದನ್ನು ಓದುವುದು ರೂಢಿಯಾಗಿದೆ. ಆ ಓದು ಮನಸ್ಸಿಗೆ ಹಿತವಾದದ್ದು ನಿಜ, ಆದರೆ ಕಾದಂಬರಿ ಹೇಳುತ್ತಿರುವುದು ಅದನ್ನಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಆ ರಾತ್ರಿ ಹಿಂದಿರುಗಿದ ಗುಂಪು ಕರಗಿ ಹೋಗಲಿಲ್ಲ. ಮರುದಿನ ಹಗಲಿನಲ್ಲಿ, ಒಗೆದ ಬಟ್ಟೆ ತೊಟ್ಟು, ಕಾನೂನಿನ ಆಹ್ವಾನದ ಮೇರೆಗೆ ನ್ಯಾಯಾಲಯದ ಒಳಗೆ ಬಂದು ಕುಳಿತುಕೊಂಡಿತು. ಕಥೆ ನಡೆಯುವ ಅಮೆರಿಕದ ಅಲಬಾಮಾ ರಾಜ್ಯದ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಈ ಎರಡು ಗುಂಪುಗಳ ನಂಟೇ ಕಾದಂಬರಿಯ ಬೆನ್ನೆಲುಬು ಎಂಬುದು ಗೊತ್ತಾಗುತ್ತದೆ.

ಮೊದಲು ಆ ರಾತ್ರಿಯನ್ನು ಹತ್ತಿರದಿಂದ ನೋಡಬೇಕು. ಮೇಕೊಂಬ್ ಎಂಬ ಕಲ್ಪಿತ ಊರಿನ ಸೆರೆಮನೆ ಒಂದು ಕೋಣೆಯಷ್ಟು ಅಗಲ, ಎರಡು ಕೋಣೆಯಷ್ಟು ಎತ್ತರದ ಸಣ್ಣ ಕಟ್ಟಡ. ಅದರ ಬಾಗಿಲಿಗೆ ಒರಗಿಸಿದ ತನ್ನ ಕಚೇರಿಯ ಕುರ್ಚಿಯ ಮೇಲೆ ಕುಳಿತು, ಉದ್ದನೆಯ ತಂತಿಯ ತುದಿಗೆ ಇಳಿಬಿಟ್ಟ ಒಂದೇ ಬಲ್ಬಿನ ಬೆಳಕಿನಲ್ಲಿ, ಟಾಮ್‌ನ ವಕೀಲನೂ ಸ್ಕೌಟ್‌ಳ ತಂದೆಯೂ ಆದ ಅಟಿಕಸ್ ಫಿಂಚ್ ಪತ್ರಿಕೆ ಓದುತ್ತಿದ್ದಾನೆ. ಧೂಳು ಮೆತ್ತಿದ ನಾಲ್ಕು ಕಾರುಗಳು ಬಂದು ನಿಲ್ಲುತ್ತವೆ. ಶೆರೀಫ್ ಹೆಕ್ ಟೇಟ್ ಮತ್ತು ಅವನ ಜನರನ್ನು ಸುಳ್ಳು ಸುದ್ದಿ ಕೊಟ್ಟು ಮೊದಲೇ ಕಾಡಿಗೆ ಕಳಿಸಲಾಗಿದೆ. ಎಂದರೆ ಇದು ಕ್ಷಣದ ಆವೇಶವಲ್ಲ, ಯೋಚಿಸಿ ಮಾಡಿದ ಏರ್ಪಾಟು. ಬಂದವರು ಟಾಮ್ ಒಳಗಿದ್ದಾನೆಯೇ ಎಂದು ಕೇಳುತ್ತಾರೆ. ಇದ್ದಾನೆ, ಮಲಗಿದ್ದಾನೆ, ಎಬ್ಬಿಸಬೇಡಿ ಎಂದು ಅಟಿಕಸ್ ಹೇಳುತ್ತಾನೆ. ಅಲ್ಲಿಂದ ಮುಂದೆ ಆ ಗಂಡಸರೆಲ್ಲ ಪಿಸುದನಿಯಲ್ಲಿ ಮಾತನಾಡುತ್ತಾರೆ. ಕೊಲ್ಲಲು ಬಂದವರು, ಕೊಲ್ಲಬೇಕಾದವನ ನಿದ್ದೆ ಕೆಡಬಾರದೆಂದು ದನಿ ತಗ್ಗಿಸುತ್ತಾರೆ! ಈ ಒಂದು ವಿವರಕ್ಕಾಗಿಯೇ ನಾನು ಲೀ ಅವರನ್ನು ದೊಡ್ಡ ಲೇಖಕಿ ಎನ್ನುತ್ತೇನೆ. ಸಭ್ಯತೆ ಮತ್ತು ಹಿಂಸೆ ಒಂದೇ ಮನುಷ್ಯನೊಳಗೆ ಒಂದನ್ನೊಂದು ತಾಕದೆ ಎಷ್ಟು ನಿರಾಳವಾಗಿ ಇರಬಲ್ಲವು ಎಂಬುದು ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಮಕ್ಕಳು ಕತ್ತಲಿನಿಂದ ಓಡಿಬಂದಾಗ ಅಟಿಕಸ್ ಮುದುಕನಂತೆ ನಿಧಾನವಾಗಿ ಏಳುತ್ತಾನೆ, ಪತ್ರಿಕೆಯ ಮಡಿಕೆಗಳನ್ನು ಸರಿಪಡಿಸುತ್ತಾನೆ, ಅವನ ಬೆರಳುಗಳು ನಡುಗುತ್ತಿರುತ್ತವೆ. ಸ್ಕೌಟ್ ಅಪರಿಚಿತ ಮುಖಗಳ ನಡುವೆ ಒಂದು ಪರಿಚಿತ ಮುಖವನ್ನು ಹುಡುಕಿ ವಾಲ್ಟರ್ ಕನಿಂಗ್‌ಹ್ಯಾಮ್‌ನನ್ನು ಗುರುತಿಸುತ್ತಾಳೆ. ವಕೀಲರ ಶುಲ್ಕ ಕೊಡಲು ಹಣವಿಲ್ಲದೆ ಸೌದೆಯನ್ನೂ ಕಾಯಿಗಳನ್ನೂ ಸೊಪ್ಪನ್ನೂ ತಂದುಕೊಟ್ಟು ಸಾಲ ತೀರಿಸಿದ ರೈತ ಅವನು. ಅವನ ಮಗ ಅವಳ ಸಹಪಾಠಿ. ಅವನನ್ನು ಹೆಸರು ಹಿಡಿದು ಕರೆದು, ಅವನ ಜಮೀನಿನ ವ್ಯಾಜ್ಯದ ಬಗ್ಗೆ, ಅವನ ಮಗನ ಬಗ್ಗೆ ವಿಚಾರಿಸುತ್ತಾಳೆ. ಅವನು ಕುಕ್ಕರಗಾಲಿನಲ್ಲಿ ಕುಳಿತು ಅವಳ ಭುಜ ಹಿಡಿದು, ಮಗನಿಗೆ ತಿಳಿಸುತ್ತೇನೆ ಎಂದು ಹೇಳಿ, ಎಲ್ಲರನ್ನೂ ಕರೆದುಕೊಂಡು ಹೊರಟುಹೋಗುತ್ತಾನೆ.

ಹೆಸರು ಹಿಡಿದು ಕರೆಯುವುದಕ್ಕೆ ಇಲ್ಲಿ ಇಷ್ಟು ಬಲ ಬಂದದ್ದು ಏಕೆ ಎಂದು ತಿಳಿಯಲು ಚರಿತ್ರೆಗೆ ಹೋಗಬೇಕು. ಅಲಬಾಮಾದ ರಾಜಧಾನಿ ಮಾಂಟ್‌ಗೊಮರಿಯಲ್ಲಿರುವ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಸಂಸ್ಥೆ 1877ರಿಂದ 1950ರವರೆಗೆ ಕಪ್ಪು ಜನರ ಮೇಲೆ ನಡೆದ 4,400ಕ್ಕೂ ಹೆಚ್ಚು ಲಿಂಚಿಂಗ್‌ಗಳನ್ನು, ಅಂದರೆ ಗುಂಪು ಹತ್ಯೆಗಳನ್ನು, ದಾಖಲಿಸಿದೆ. ಇವುಗಳಲ್ಲಿ ಬಹಳಷ್ಟು ಕಳ್ಳತನದಿಂದ ನಡೆದ ಕೊಲೆಗಳಲ್ಲ. ಜನ ಹೆಂಡತಿ ಮಕ್ಕಳೊಂದಿಗೆ ನೋಡಲು ಬರುತ್ತಿದ್ದರು, ಶವದ ಪಕ್ಕದಲ್ಲಿ ನಿಂತು ಮುಖ ಕಾಣುವಂತೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು, ಆ ಚಿತ್ರಗಳು ಅಂಚೆ ಕಾರ್ಡುಗಳಾಗಿ ಮಾರಾಟವಾಗುತ್ತಿದ್ದವು. ಹೀಗಿದ್ದೂ ಸಾವಿನ ವಿಚಾರಣೆ ನಡೆಸಿದ ಅಧಿಕಾರಿಗಳು ಮತ್ತೆ ಮತ್ತೆ ಬರೆದ ತೀರ್ಮಾನ ಒಂದೇ: ಅಪರಿಚಿತ ವ್ಯಕ್ತಿಗಳ ಕೈಯಿಂದ ಮರಣ. ಗುಂಪಿನವರ ಹೆಸರನ್ನು ಮರೆಮಾಡಿದ್ದು ಕತ್ತಲೂ ಅಲ್ಲ, ಮುಸುಕೂ ಅಲ್ಲ, ಕಾನೂನಿನ ಕಡತ. ಇಡೀ ಊರಿಗೆ ಪರಿಚಯವಿದ್ದವನು ಸರ್ಕಾರದ ಕಾಗದದ ಮೇಲೆ ಅಪರಿಚಿತನಾಗುತ್ತಿದ್ದ. ಸ್ಕೌಟ್ ಒಬ್ಬನ ಹೆಸರನ್ನು ಗಟ್ಟಿಯಾಗಿ ಹೇಳಿದಾಗ ಈ ಹಳೆಯ ಏರ್ಪಾಟು ಆ ರಾತ್ರಿಯ ಮಟ್ಟಿಗೆ ಮುರಿದುಬೀಳುತ್ತದೆ. ಹುಡುಗಿಗೆ ಇದರ ಅರಿವಿಲ್ಲ, ಆದರೆ ಬರೆದವರಿಗೆ ಚೆನ್ನಾಗಿತ್ತು.

ಇಷ್ಟಾದರೂ ಆ ಗುಂಪು ಪಶ್ಚಾತ್ತಾಪಪಟ್ಟು ಹೋಯಿತೆಂದು ಕಾದಂಬರಿ ಹೇಳುವುದಿಲ್ಲ. ತೀರ್ಪು ಬಂದ ಮೇಲೆ ಮಗ ಜೆಮ್‌ನೊಂದಿಗೆ ಮಾತನಾಡುತ್ತ ಅಟಿಕಸ್ ಬಹಳ ಸ್ಪಷ್ಟವಾಗಿ ಹೇಳುತ್ತಾನೆ: ಅವರು ಆ ರಾತ್ರಿ ವಿವೇಕಿಗಳಾಗಿ ಹೊರಟುಹೋಗಲಿಲ್ಲ, ನಾವು ಅಲ್ಲಿದ್ದೆವು ಎಂಬ ಕಾರಣಕ್ಕೆ ಹೋದರು. ಜ್ಯೂರಿಯ, ಅಂದರೆ ತೀರ್ಪು ಕೊಡಲು ಜನಸಾಮಾನ್ಯರಿಂದ ಆರಿಸಿದ ತಂಡದ, ಹನ್ನೆರಡು ಮಂದಿಯ ಮತ್ತು ಅವರ ವಿವೇಕದ ನಡುವೆ ಅಡ್ಡ ಬಂದದ್ದು ಯಾವುದೋ, ಸೆರೆಮನೆಯ ಮುಂದೆ ನೀನು ಕಂಡದ್ದೂ ಅದನ್ನೇ ಎನ್ನುತ್ತಾನೆ. ಈ ಮಾತುಗಳನ್ನು ಓದುಗರು ಸುಲಭವಾಗಿ ದಾಟಿ ಹೋಗುತ್ತಾರೆ. ಶಾಲೆಗಳಲ್ಲಿ ಪಾಠ ಮಾಡುವವರೂ ಇದರ ಮೇಲೆ ನಿಂತಂತೆ ಕಾಣುವುದಿಲ್ಲ. ಇನ್ನೂ ಒಂದು ಸಂಗತಿಯಿದೆ. ಪಕ್ಕದ ಕಟ್ಟಡದ ಕಿಟಕಿಯಿಂದ ಪತ್ರಿಕೆಯ ಸಂಪಾದಕ ಅಂಡರ್‌ವುಡ್ ಅಷ್ಟು ಹೊತ್ತೂ ಬಂದೂಕು ಗುರಿಯಿಟ್ಟುಕೊಂಡು ಕುಳಿತಿದ್ದ, ಮತ್ತು ಆತ ಕಪ್ಪು ಜನರನ್ನು ಹತ್ತಿರ ಸೇರಿಸದಷ್ಟು ದ್ವೇಷಿಸುವ ಮನುಷ್ಯ. ಮುಗ್ಧತೆಯ ಹಿಂದೆ ಬಂದೂಕನ್ನೂ, ಬಂದೂಕಿನ ಹಿಂದೆ ಜನಾಂಗ ದ್ವೇಷಿಯನ್ನೂ ಇರಿಸಿದ ಲೇಖಕಿಯನ್ನು ಭಾವುಕಳೆಂದು ತಳ್ಳಿಹಾಕಲು ನನಗೆ ಸಾಧ್ಯವಿಲ್ಲ.

ವಿಚಾರಣೆ ಆರಂಭವಾದಾಗ ಮಕ್ಕಳು ನ್ಯಾಯಾಲಯದ ಮಹಡಿಯಲ್ಲಿ, ಕಪ್ಪು ಜನರಿಗೆಂದು ಮೀಸಲಿಟ್ಟ ಸಾಲಿನಲ್ಲಿ, ಪಾದ್ರಿ ಸೈಕ್ಸ್ ಪಕ್ಕದಲ್ಲಿ ಕುಳಿತಿರುತ್ತಾರೆ. ಅಲ್ಲಿಂದ ಸ್ಕೌಟ್ ಜ್ಯೂರಿಯನ್ನು ಗಮನಿಸುತ್ತಾಳೆ. ಬಿಸಿಲಿಗೆ ಕಂದಿದ ರೈತರು ಅವರು. ಪಟ್ಟಣದ ಬಿಳಿಯರು ಯಾವುದಾದರೊಂದು ನೆಪದಿಂದ ಈ ಕೆಲಸವನ್ನು ತಪ್ಪಿಸಿಕೊಳ್ಳುತ್ತಾರೆ. ಜ್ಯೂರಿಯಲ್ಲಿ ಒಬ್ಬಿಬ್ಬರು ಚೆನ್ನಾಗಿ ಬಟ್ಟೆ ಹಾಕಿಕೊಂಡ ಕನಿಂಗ್‌ಹ್ಯಾಮ್‌ಗಳಂತೆ ಕಂಡರು ಎಂದು ಅವಳು ಹೇಳುತ್ತಾಳೆ. ಇಡೀ ಕಾದಂಬರಿಯ ಕೀಲಿ ನನ್ನ ಮಟ್ಟಿಗೆ ಈ ಸಾಲು. ಹಿಂದಿನ ರಾತ್ರಿ ಹಗ್ಗದ ಕಡೆಗೆ ಚಾಚಿದ ಕೈಗಳೇ ಈಗ ತೀರ್ಪಿಗೆ ಸಹಿ ಹಾಕಲಿವೆ.

ಇದು ಕಥೆಗಾಗಿ ಹೆಣೆದ ಕಾಕತಾಳೀಯವಲ್ಲ. ಅಲಬಾಮಾದ 1901ರ ಸಂವಿಧಾನವನ್ನು ಬರೆದವರು ಬಿಳಿಯರ ಪ್ರಭುತ್ವವನ್ನು ಕಾನೂನಿನ ಮೂಲಕ ಸ್ಥಾಪಿಸುವುದೇ ತಮ್ಮ ಉದ್ದೇಶವೆಂದು ಬಹಿರಂಗವಾಗಿ ಹೇಳಿಕೊಂಡಿದ್ದರು. ಮತದಾನಕ್ಕೆ ತೆರಿಗೆ, ಅಕ್ಷರ ಪರೀಕ್ಷೆ, ಆಸ್ತಿಯ ನಿಯಮ ಇವುಗಳಿಂದ ಕಪ್ಪು ಜನರ ಹೆಸರು ಮತದಾರರ ಪಟ್ಟಿಯಿಂದ ಬಹುಮಟ್ಟಿಗೆ ಅಳಿಸಿಹೋಯಿತು. ಜ್ಯೂರಿಗೆ ಜನರನ್ನು ಆರಿಸುವ ಪಟ್ಟಿಯಿಂದಲೂ ಅವರನ್ನು ಸದ್ದಿಲ್ಲದೆ ಹೊರಗಿಡಲಾಯಿತು. ಹೆಂಗಸರಿಗಂತೂ ಆ ರಾಜ್ಯದಲ್ಲಿ 1966ರವರೆಗೆ ಜ್ಯೂರಿಯಲ್ಲಿ ಕೂರುವ ಹಕ್ಕಿರಲಿಲ್ಲ. ಹೀಗೆ ಸೋಸಿ ಉಳಿದವರು ಬಿಳಿಯ ಗಂಡಸರು ಮಾತ್ರ, ಸೆರೆಮನೆಯ ಮುಂದೆ ನಿಂತ ಗುಂಪಿನವರೂ ಅವರೇ. ಗುಂಪು ಮತ್ತು ಜ್ಯೂರಿ ಎರಡಕ್ಕೂ ಜನರನ್ನು ಒದಗಿಸುತ್ತಿದ್ದ ಮನೆಗಳು ಒಂದೇ ಆಗಿರುವಂತೆ ಕಾನೂನೇ ನೋಡಿಕೊಂಡಿತ್ತು.

ಸ್ಕಾಟ್ಸ್‌ಬರೊ ಪ್ರಕರಣದಲ್ಲಿ ಇದು ನಿಜ ಜೀವನದಲ್ಲಿ ಹೇಗೆ ನಡೆಯಿತೆಂದು ಕಾಣಬಹುದು. ಕಾದಂಬರಿ ಆ ಪ್ರಕರಣದ ನೇರ ಚಿತ್ರವೆಂದು ನಾನು ಹೇಳುತ್ತಿಲ್ಲ. ಆದರೆ 1930ರ ದಶಕದ ಅಲಬಾಮಾದಲ್ಲಿ ಕಣ್ತೆರೆದ ಯಾವ ಮಗುವೂ ಅದರ ನೆರಳಿನಿಂದ ಹೊರಗೆ ಬೆಳೆದಿರಲಾರದು. 1931ರ ಮಾರ್ಚ್ 25ರಂದು ಪೇಂಟ್ ರಾಕ್ ಎಂಬಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ ಬಂಧಿಸಲಾಯಿತು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿಯ ಯುವತಿಯರು, ವಿಕ್ಟೋರಿಯಾ ಪ್ರೈಸ್ ಮತ್ತು ರೂಬಿ ಬೇಟ್ಸ್, ಅವರ ಮೇಲೆ ಅತ್ಯಾಚಾರದ ಆರೋಪ ಹೊರಿಸಿದರು. ಆ ಸಂಜೆಯೇ ಸ್ಕಾಟ್ಸ್‌ಬರೊ ಸೆರೆಮನೆಯ ಸುತ್ತ ಗುಂಪು ಸೇರಿತು. ಗವರ್ನರ್ ಸೈನಿಕರನ್ನು ಕಳಿಸಿದ್ದರಿಂದ ಹುಡುಗರು ಆ ರಾತ್ರಿ ಬದುಕಿದರು. ಆದರೆ ಎರಡು ವಾರ ತುಂಬುವುದರೊಳಗೆ ವಿಚಾರಣೆ ಆರಂಭವಾಯಿತು. ಹೊರಗೆ ಸಾವಿರಾರು ಜನ ನೆರೆದಿದ್ದರು, ಮರಣದಂಡನೆಯ ಸುದ್ದಿ ಹೊರಬಿದ್ದಾಗ ಅವರು ಹಾಕಿದ ಕೇಕೆ ಒಳಗೆ ಕೇಳಿಸುತ್ತಿತ್ತು. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆಯಾಯಿತು. ಎಲ್ಲರಿಗಿಂತ ಕಿರಿಯನ ವಿಷಯದಲ್ಲಿ ಮಾತ್ರ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ.

ಸೈನಿಕರು ಗುಂಪನ್ನು ತಡೆದರು, ನ್ಯಾಯಾಲಯ ಗುಂಪಿನ ಬೇಡಿಕೆಯನ್ನು ಈಡೇರಿಸಿತು. ನೀವು ಕೊಲ್ಲುವುದು ಬೇಡ, ನಾವೇ ಬೇಗ ಕೊಂದುಕೊಡುತ್ತೇವೆ ಎಂಬ ಒಪ್ಪಂದ ಇದರಲ್ಲಿ ಅಡಗಿದೆ. ಅದರ ವಿರುದ್ಧ ಹೋದವರಿಗೆ ಏನಾಯಿತೆಂಬುದೂ ದಾಖಲೆಯಲ್ಲಿದೆ. 1933ರಲ್ಲಿ ಡಿಕೇಟರ್‌ನಲ್ಲಿ ನಡೆದ ಮರುವಿಚಾರಣೆಯಲ್ಲಿ ರೂಬಿ ಬೇಟ್ಸ್ ಸ್ವತಃ ಕಟಕಟೆಗೆ ಬಂದು ಅತ್ಯಾಚಾರ ನಡೆದೇ ಇಲ್ಲ ಎಂದು ಹೇಳಿದಳು. ಜ್ಯೂರಿ ಆಗಲೂ ಹೇವುಡ್ ಪ್ಯಾಟರ್ಸನ್‌ಗೆ ಮರಣದಂಡನೆಯನ್ನೇ ಕೊಟ್ಟಿತು. ಸಾಕ್ಷ್ಯಗಳನ್ನು ತೂಗಿ ನೋಡಿ ಆ ತೀರ್ಪನ್ನು ರದ್ದುಮಾಡಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತು ಪದವಿ ಕಳೆದುಕೊಂಡರು. 1935ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್, ಜ್ಯೂರಿ ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳನ್ನು ಆಮೇಲೆ ತುರುಕಿ ಸೇರಿಸಲಾಗಿದೆ ಎಂದು ವಾದಿಸಿದಾಗ ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ಆ ಪುಟಗಳನ್ನು ಪರಿಶೀಲಿಸಿದರು. ಕಪ್ಪು ಜನರನ್ನು ಜ್ಯೂರಿಯಿಂದ ವ್ಯವಸ್ಥಿತವಾಗಿ ಹೊರಗಿಟ್ಟದ್ದು ಸಂವಿಧಾನ ವಿರೋಧಿ ಎಂಬ ತೀರ್ಪು ಬಂತು. ಲೀ ತಮ್ಮ ಕಾದಂಬರಿಯ ವಿಚಾರಣೆಯನ್ನು ಇಟ್ಟಿರುವುದು ಇದೇ 1935ರ ಬೇಸಗೆಯಲ್ಲಿ. ತೀರ್ಪು ಬಂದಿದೆ, ಆದರೆ ಮೇಕೊಂಬ್‌ನ ಜ್ಯೂರಿಯ ಪೆಟ್ಟಿಗೆಯಲ್ಲಿ ಏನೂ ಬದಲಾಗಿಲ್ಲ.

ಟಾಮ್‌ನ ವಿಚಾರಣೆಯಲ್ಲಿ ಸಾಕ್ಷ್ಯ ಯಾವ ಕಡೆಗಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಆರೋಪ ಹೊರಿಸಿದ ಬಿಳಿಯ ಹುಡುಗಿ ಮೇಯೆಲ್ಲಾ ಯೂವೆಲ್‌ಳ ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿದೆ, ಅವಳ ತಂದೆ ಬಾಬ್ ಯೂವೆಲ್ ಎಡಗೈ ಬಳಸುವವನು, ಟಾಮ್‌ನ ಎಡಗೈಯಾದರೋ ಹುಡುಗನಾಗಿದ್ದಾಗ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಆದರೆ ವಿಚಾರಣೆ ನಿಜವಾಗಿ ಮುಗಿದುಹೋಗುವುದು ಬೇರೆ ಕಡೆ. ಕೂಲಿಯಿಲ್ಲದೆ ಆ ಹುಡುಗಿಯ ಕೆಲಸಗಳನ್ನು ಏಕೆ ಮಾಡಿಕೊಟ್ಟೆ ಎಂದು ಸರ್ಕಾರಿ ವಕೀಲ ಪಾಟೀಸವಾಲಿನಲ್ಲಿ ಕೇಳಿದಾಗ, ಅವಳನ್ನು ಕಂಡು ಕನಿಕರವಾಯಿತು ಎಂದು ಟಾಮ್ ಹೇಳಿಬಿಡುತ್ತಾನೆ. ಕೆಳಗೆ ಕುಳಿತ ಬಿಳಿಯ ಜನರಿಗೆ ಆ ಉತ್ತರ ಹಿಡಿಸುವುದಿಲ್ಲ. ಕಪ್ಪು ಮನುಷ್ಯ ಬಿಳಿಯ ಹೆಣ್ಣಿನ ಮೇಲೆ ಕನಿಕರಪಡುವುದೆಂದರೆ ಅವನು ಅವಳಿಗಿಂತ ಮೇಲೆ ನಿಂತಂತೆ. ಬಡತನದಲ್ಲಿ, ಕೊಳಕಿನಲ್ಲಿ, ಒಂಟಿತನದಲ್ಲಿ ಊರಿನ ಎಲ್ಲರಿಗಿಂತ ಕೆಳಗೆ ಬಿದ್ದಿದ್ದ ಯೂವೆಲ್‌ಗಳಿಗೂ ಕೊನೆಯ ಆಸ್ತಿಯೊಂದು ಉಳಿದಿತ್ತು, ಅದು ಅವರ ಚರ್ಮದ ಬಣ್ಣ. ಟಾಮ್‌ನ ಒಂದು ಮಾನವೀಯ ಮಾತು ಅದನ್ನು ಕಿತ್ತುಕೊಂಡಿತು. ಅತ್ಯಾಚಾರಕ್ಕಿಂತ ದೊಡ್ಡ ಅಪರಾಧವಾಗಿ ಆ ಗುಂಪಿಗೆ ಕಂಡದ್ದು ಇದೇ ಎಂದು ನನಗೆ ಪ್ರತಿ ಓದಿನಲ್ಲೂ ಅನ್ನಿಸುತ್ತದೆ.

ಗಂಟೆಗಟ್ಟಲೆ ಚರ್ಚೆಯ ನಂತರ ರಾತ್ರಿ ಜ್ಯೂರಿ ಹೊರಬಂದಾಗ ಯಾರೊಬ್ಬರೂ ಟಾಮ್‌ನತ್ತ ನೋಡುವುದಿಲ್ಲ. ತೀರ್ಪು ಏನೆಂದು ಸ್ಕೌಟ್‌ಗೆ ಅದರಿಂದಲೇ ಗೊತ್ತಾಗುತ್ತದೆ. ಅಷ್ಟು ಹೊತ್ತು ತಡವಾಗಲು ಕಾರಣ, ಕನಿಂಗ್‌ಹ್ಯಾಮ್ ಬಂಧುವೊಬ್ಬ ಬಿಡುಗಡೆಗಾಗಿ ಹಟ ಹಿಡಿದದ್ದು ಎಂದು ಅಟಿಕಸ್ ಆಮೇಲೆ ತಿಳಿಸುತ್ತಾನೆ. ಅದನ್ನು ಆರಂಭದ ನೆರಳೆಂದು ಕರೆಯುತ್ತಾನೆ. ಟಾಮ್‌ಗೆ ಆ ನೆರಳಿನಿಂದ ಏನೂ ದೊರೆಯಲಿಲ್ಲ. ಸೆರೆಯಿಂದ ಓಡಿಹೋಗಲು ಯತ್ನಿಸಿದನೆಂದು ಕಾವಲುಗಾರರು ಅವನನ್ನು ಗುಂಡಿಟ್ಟು ಕೊಂದರು, ದೇಹದಲ್ಲಿ 17 ಗುಂಡಿನ ಗಾಯಗಳಿದ್ದವು. ಒಂದು ಕೈ ನಿಷ್ಪ್ರಯೋಜಕವಾಗಿದ್ದ ಮನುಷ್ಯನಿಗೆ ಹದಿನೇಳು ಗುಂಡುಗಳು! ಸೆರೆಮನೆಯ ಬಾಗಿಲಲ್ಲಿ ತಡೆಹಿಡಿದದ್ದನ್ನು ಮೊದಲು ಜ್ಯೂರಿ, ಆಮೇಲೆ ಸಮವಸ್ತ್ರ ತೊಟ್ಟ ಕಾವಲುಗಾರರು ಸೇರಿ ಪೂರ್ಣಗೊಳಿಸಿದರು.

ಲೀ ಹುಟ್ಟಿ ಬೆಳೆದದ್ದು ಅಲಬಾಮಾದ ಮನ್ರೋವಿಲ್‌ನಲ್ಲಿ, 1926ರಲ್ಲಿ. ಅವರ ತಂದೆ ಎ. ಸಿ. ಲೀ ವಕೀಲರು, ಶಾಸಕರು, ಊರಿನ ಪತ್ರಿಕೆಯ ಸಂಪಾದಕರು. 1919ರಲ್ಲಿ ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪು ಗಂಡಸರ ಪರವಾಗಿ ಅವರು ವಾದಿಸಿದ್ದರು, ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಕಾದಂಬರಿಯಲ್ಲಿಯೂ ಅಟಿಕಸ್‌ನ ಮೊದಲ ಇಬ್ಬರು ಕಕ್ಷಿದಾರರು ಗಲ್ಲಿಗೇರುತ್ತಾರೆ, ಆದರೆ ಅಲ್ಲಿ ಅವರು ಹೆಡ್ಡತನಕ್ಕೆ ಹೆಸರಾದ ಹ್ಯಾವರ್‌ಫರ್ಡ್ ಮನೆತನದವರು, ಬಣ್ಣದ ಮಾತು ಅಲ್ಲಿ ಬರುವುದೇ ಇಲ್ಲ. ನಿಜದಲ್ಲಿ ತಂದೆಯ ಕೈಮೀರಿ ಹೋದ ಎರಡು ಕಪ್ಪು ಜೀವಗಳು ಕಾದಂಬರಿಯಲ್ಲಿ ನಗೆಯ ಪ್ರಸಂಗವಾಗಿ ಬದಲಾಗಿರುವುದನ್ನು ನಾನು ಸುಮ್ಮನೆ ಒಪ್ಪಿಕೊಳ್ಳಲಾರೆ. ಅದೇ ಊರಿನಲ್ಲಿ 1933ರಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಕಾರ್ಮಿಕನ ಮೇಲೆ ಬಿಳಿಯ ಹೆಂಗಸಿನ ಅತ್ಯಾಚಾರದ ಆರೋಪ ಬಂದು ಮರಣದಂಡನೆಯಾಗಿತ್ತು. ಮುಂದೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಅಷ್ಟರಲ್ಲಿ ಅವನ ಮನಸ್ಸು ಕೆಟ್ಟಿತ್ತು, 1937ರಲ್ಲಿ ಕ್ಷಯದಿಂದ ತೀರಿಕೊಂಡ. ಆಗ ಲೀ ಹತ್ತು ಹನ್ನೊಂದು ವರ್ಷದ ಹುಡುಗಿ.

ಬರೆಯುವ ಹೊತ್ತಿಗೆ ಸುತ್ತ ಇನ್ನಷ್ಟು ನಡೆದಿತ್ತು. 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಕೊಂದು ನದಿಗೆ ಎಸೆದವರನ್ನು ಬಿಳಿಯರ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಡುಗಡೆ ಮಾಡಿತು. 1956ರ ಫೆಬ್ರವರಿಯಲ್ಲಿ, ಲೀ ತಾವು ಕಾನೂನು ಓದಿದ್ದ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಅದರ ಮೊದಲ ಕಪ್ಪು ವಿದ್ಯಾರ್ಥಿನಿ ಆಥರೀನ್ ಲೂಸಿ ಸೇರಿದಾಗ ಗುಂಪು ಮೊಟ್ಟೆ, ಕಲ್ಲು ತೂರಿತು. ವಿಶ್ವವಿದ್ಯಾಲಯ ಅಮಾನತು ಮಾಡಿದ್ದು ಕಲ್ಲು ತೂರಿದವರನ್ನಲ್ಲ, ಲೂಸಿಯನ್ನು. ಕಾರಣವಾಗಿ ಕೊಟ್ಟದ್ದು ಅವರ ಸುರಕ್ಷತೆ. ಗುಂಪಿಗೆ ಬೇಕಾದದ್ದನ್ನು ಸಂಸ್ಥೆ ನಾಗರಿಕ ಭಾಷೆಯಲ್ಲಿ ಮಾಡಿಕೊಡುವ ಹಳೆಯ ರೀತಿಯೇ ಇದು. 1960ರ ಜುಲೈಯಲ್ಲಿ ಪುಸ್ತಕ ಹೊರಬಂತು, 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದೇ 1961ರ ಮೇ 14ರಂದು ಅಲಬಾಮಾದ ಆನಿಸ್ಟನ್ ಬಳಿ ಬಸ್ಸುಗಳಲ್ಲಿನ ಜನಾಂಗ ಪ್ರತ್ಯೇಕತೆಯನ್ನು ವಿರೋಧಿಸಿ ಪ್ರಯಾಣಿಸುತ್ತಿದ್ದ ಫ್ರೀಡಂ ರೈಡರ್‌ಗಳ ಬಸ್ಸಿಗೆ ಗುಂಪು ಬೆಂಕಿ ಹಚ್ಚಿತು.

ಕಾದಂಬರಿ ಚರಿತ್ರೆಯನ್ನು ಮೃದುಗೊಳಿಸುವ ಜಾಗಗಳೂ ಇವೆ, ಅವನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು. ಕೂ ಕ್ಲಕ್ಸ್ ಕ್ಲ್ಯಾನ್ ಎಂಬುದು 1920ರ ಸುಮಾರಿಗೆ ಇದ್ದ ರಾಜಕೀಯ ಸಂಘಟನೆ, ಹೆದರಿಸಲು ಅದಕ್ಕೆ ಯಾರೂ ಸಿಗಲಿಲ್ಲ, ಅದು ಇನ್ನು ಮರಳಿ ಬಾರದು ಎಂದು ಅಟಿಕಸ್ ಮಗನಿಗೆ ಹೇಳುತ್ತಾನೆ. ವಾಸ್ತವದಲ್ಲಿ ಅದು ಕಪ್ಪು ಜನರನ್ನು ಹಿಂಸೆಯಿಂದ ಹೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ, 1926ರ ಚುನಾವಣೆಯಲ್ಲಿ ಕ್ಲ್ಯಾನ್ ಬೆಂಬಲದಿಂದ ಅಲಬಾಮಾದ ಗವರ್ನರ್ ಹುದ್ದೆಗೆ ಆಯ್ಕೆಯಾದ ಬಿಬ್ ಗ್ರೇವ್ಸ್ ಅದರ ಸದಸ್ಯರಾಗಿದ್ದವರು. ಅದೇ ವರ್ಷ ಸೆನೆಟ್‌ಗೆ ಗೆದ್ದ ಹ್ಯೂಗೋ ಬ್ಲ್ಯಾಕ್ ಕೂಡ ಸದಸ್ಯರಾಗಿದ್ದವರೇ. ಟಾಮ್‌ನ ವಿಚಾರಣೆ ನಡೆಯುವ 1935ರಲ್ಲಿ ಗ್ರೇವ್ಸ್ ಎರಡನೆಯ ಸಲ ಗವರ್ನರ್ ಆಗಿದ್ದರು. ಶಾಸಕನೂ ಆಗಿದ್ದ ಅಟಿಕಸ್‌ಗೆ ಇದು ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ. ಹಾಗೆಯೇ, ಕೊಲ್ಲಲು ಬರುವವರನ್ನು ಊರಾಚೆಯ ಓಲ್ಡ್ ಸೇರಮ್‌ನ ಬಡ ರೈತರನ್ನಾಗಿ ಮಾಡಿ, ಪಟ್ಟಣದ ಗಣ್ಯರನ್ನು ಹಿಂದಿನ ರಾತ್ರಿ ಅಟಿಕಸ್‌ನ ಅಂಗಳಕ್ಕೆ ಆತಂಕದಿಂದ ಬಂದುಹೋಗುವ ಹಿತೈಷಿಗಳನ್ನಾಗಿ ಮಾಡಿರುವುದು ಅನುಕೂಲಕರ ವಿಂಗಡಣೆ. ಚರಿತ್ರೆಯ ಗುಂಪುಗಳಲ್ಲಿ ವ್ಯಾಪಾರಿಗಳಿದ್ದರು, ಅಧಿಕಾರಿಗಳಿದ್ದರು, ಚರ್ಚಿನ ಹಿರಿಯರಿದ್ದರು. ಗಣ್ಯರ ಪಾಲನ್ನು ಲೀ ಬೇರೆ ಅಧ್ಯಾಯಗಳಲ್ಲಿ, ದೂರದ ಆಫ್ರಿಕದ ಬುಡಕಟ್ಟಿಗಾಗಿ ಕಣ್ಣೀರಿಡುವ ಹೆಂಗಸರ ಚಹಾಕೂಟದಲ್ಲಿ ಮತ್ತು ಹಿಟ್ಲರನನ್ನು ಖಂಡಿಸುವ ಶಿಕ್ಷಕಿ ಗೇಟ್ಸ್‌ಳ ಮಾತಿನಲ್ಲಿ, ತೋರಿಸಿದ್ದಾರೆ. ಆದರೆ ಅವರ ಕೈಗೆ ಹಗ್ಗ ಕೊಡಲಿಲ್ಲ.

ಟಾಮ್‌ನ ಮೌನ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಗುಂಪು ಹೊರಟುಹೋದ ಮೇಲೆ ಮೇಲಿನ ಕತ್ತಲಿನಿಂದ ಅವನ ದನಿ ಕೇಳಿಸುತ್ತದೆ, ಅವರು ಹೋದರೇ ಎಂದು. ಎಂದರೆ ಅವನು ಮಲಗಿರಲಿಲ್ಲ. ತನ್ನನ್ನು ಕೊಲ್ಲುವ ಮಾತುಗಳನ್ನೆಲ್ಲ ಅವನು ಕೇಳಿಸಿಕೊಂಡಿದ್ದಾನೆ. ಆ ಹೊತ್ತು ಅವನೊಳಗೆ ಏನು ನಡೆಯಿತು ಎಂಬುದರ ಕಡೆಗೆ ಕಾದಂಬರಿ ತಿರುಗುವುದಿಲ್ಲ, ಮಕ್ಕಳೊಂದಿಗೆ ಮನೆಗೆ ಹೊರಟುಬಿಡುತ್ತದೆ. ನಿರೂಪಕಿ ಮಗು ಎಂಬುದು ಇದಕ್ಕೆ ಸಮರ್ಥನೆಯಾಗಬಹುದು. ಆದರೆ ಅನ್ಯಾಯದ ಕಥೆಯಲ್ಲಿ ಅನ್ಯಾಯಕ್ಕೆ ಒಳಗಾದವನ ರಾತ್ರಿಯೇ ಇಲ್ಲದಿರುವುದು ಸಣ್ಣ ಕೊರತೆಯಲ್ಲ.

ಲೀ ಇದಕ್ಕೂ ಮೊದಲು ಬರೆದಿದ್ದ ಕರಡು 2015ರಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ ಪ್ರಕಟವಾದಾಗ ಬಹಳ ಜನ ಅಟಿಕಸ್‌ನನ್ನು ಕಳೆದುಕೊಂಡಂತೆ ದುಃಖಪಟ್ಟರು. ಬರವಣಿಗೆಯ ದೃಷ್ಟಿಯಿಂದ ಅದು ದುರ್ಬಲ ಪುಸ್ತಕ. ಆದರೂ ಅದರಲ್ಲಿ ಒಂದು ದೃಶ್ಯವಿದೆ: ಬೆಳೆದು ದೊಡ್ಡವಳಾದ ಸ್ಕೌಟ್ ಅದೇ ನ್ಯಾಯಾಲಯದ ಅದೇ ಮಹಡಿಯ ಸಾಲಿನಿಂದ ಕೆಳಗೆ ನೋಡುತ್ತಾಳೆ. ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆಯಾಗಿ ಇಡಬಾರದೆಂಬ 1954ರ ಸುಪ್ರೀಂ ಕೋರ್ಟ್ ತೀರ್ಪನ್ನು ವಿರೋಧಿಸಲು ಹುಟ್ಟಿಕೊಂಡ ಬಿಳಿಯರ ನಾಗರಿಕ ಮಂಡಳಿಯ ಸಭೆ ಕೆಳಗೆ ನಡೆಯುತ್ತಿದೆ. ಕೋಟು ತೊಟ್ಟ, ಊರಿನಲ್ಲಿ ಹೆಸರುಳ್ಳ ಗಂಡಸರು ಕುಳಿತು ದ್ವೇಷದ ಭಾಷಣವನ್ನು ಕೇಳುತ್ತಿದ್ದಾರೆ, ಮೇಜಿನ ಬಳಿ ಅವರೊಂದಿಗೆ ಅಟಿಕಸ್ ಕುಳಿತಿದ್ದಾನೆ. ಲೀ ಮೊದಲು ಬರೆದದ್ದು ಈ ಗುಂಪನ್ನು, ಸೆರೆಮನೆಯ ಮುಂದಿನ ಗುಂಪನ್ನು ಬರೆದದ್ದು ಆಮೇಲೆ. ಎರಡು ಪುಸ್ತಕಗಳನ್ನು ಈ ಕ್ರಮದಲ್ಲಿ ಓದಿದವರಿಗೆ ಅಟಿಕಸ್ ಕೈಜಾರಿ ಹೋಗುವುದಿಲ್ಲ. ಸೆರೆಮನೆಯ ಬಾಗಿಲಲ್ಲಿ ನಿಂತವನಿಗೂ ಬಾಗಿಲ ಮುಂದೆ ನಿಂತವರಿಗೂ ನಡುವೆ ಲೀ ಎಷ್ಟು ಕಡಿಮೆ ಅಂತರವನ್ನು ಕಂಡಿದ್ದರು ಎಂಬುದು ಅರ್ಥವಾಗುತ್ತದೆ.